ಗಲ್ಲಾಪೆಟ್ಟಿಗೆಗೆ ಕಾಲು ಬಂತು

ದಾವಣಗೆರೆಯ ಹಳೇಪೇಟೆ ಬಿಟ್ಟು ವಿದ್ಯಾನಗರದ ಕಡೆ ಹೊಸ ಮನೆ ಕಟ್ಟಿದವರಿಗೆ ಸಾಮಾನು ಇಳಿಸುವಾಗಲೇ ತಲೆನೋವು ಶುರು. ಅಜ್ಜನ ಸಾಗವಾನಿ ಮಂಚ, ದಲಾಲಿ ಅಂಗಡಿಯ ಗಲ್ಲಾಪೆಟ್ಟಿಗೆ ಎಲ್ಲಿಡುವುದು? ಮಾರಲು ಮನಸ್ಸಿಲ್ಲ, ಹೊಸ ಸೋಫಾದ ಪಕ್ಕ ಇಡಲು ಧೈರ್ಯವಿಲ್ಲ. "ಬಣ್ಣ ಮ್ಯಾಚ್ ಆಗಲ್ಲ ಬಿಡ್ರಿ" ಎನ್ನುವುದು ಎಲ್ಲರ ಮೊದಲ ಮಾತು.

ಬಣ್ಣ ಅಂಥ ದೊಡ್ಡ ತಕರಾರಲ್ಲ. ಸಾಗವಾನಿಯನ್ನು ಅಣಕಿಸುವ ಲ್ಯಾಮಿನೇಟ್ ತಂದು ಪಕ್ಕದಲ್ಲಿ ನಿಲ್ಲಿಸಿದರೆ ಎರಡೂ ಪೆಚ್ಚಾಗುತ್ತವೆ. ಬೂದು, ಬಿಳಿ ತಂದರೆ ಅವುಗಳ ಪಾಡಿಗೆ ಅವು ಇರುತ್ತವೆ. ಜಗಳವೆಲ್ಲ ಎತ್ತರದ್ದು. ಗಲ್ಲಾಪೆಟ್ಟಿಗೆ ಮಾಡಿದ್ದು ನೆಲಕ್ಕೆ ಗಾದಿ ಹಾಸಿ ಕೂರುವವರಿಗೆ, ಒಂದಡಿ ಇದ್ದರೆ ಹೆಚ್ಚು. ಸೋಫಾದಲ್ಲಿ ಕೂರುವ ಮಟ್ಟ 16ರಿಂದ 18 ಇಂಚು. ಎತ್ತು ಏರಿಗೆ, ಕೋಣ ನೀರಿಗೆ. ಕಾಫಿ ಲೋಟ ಇಡಲು ಪ್ರತಿಸಲ ನಡು ಬಗ್ಗಿಸಬೇಕು. 4 ಇಂಚು ಕಾಲಿನ ಚೌಕಟ್ಟು ಮಾಡಿಸಿ ಅದರ ಮೇಲೆ ಕೂರಿಸಿ, ಟೀಪಾಯಿ ಆಯಿತು. ಕಾಲನ್ನು ತಳಕ್ಕೇ ಸ್ಕ್ರೂ ಹೊಡೆಸಿದರೆ ತೆಳ್ಳನೆಯ ಹಲಗೆ ಸೀಳುತ್ತದೆ. ಮುಚ್ಚಳ ಇಳಿಜಾರಿದ್ದರೆ ಟೀಪಾಯಿ ಆಸೆ ಬಿಟ್ಟು, ಗೋಡೆ ಪಕ್ಕ ಇಟ್ಟು ಚಾರ್ಜರು, ಕರೆಂಟ್ ಬಿಲ್ಲು ತುಂಬಿ.

ಮಂಚದ್ದು ಇದರ ಉಲ್ಟಾ. ಅಡಿಯಲ್ಲಿ ಟ್ರಂಕು, ಜೋಳದ ಚೀಲ ಹಿಡಿಯಬೇಕಿತ್ತಲ್ಲ, ಹಲಗೆಯೇ 20 ಇಂಚಿನ ಮೇಲಿರುತ್ತದೆ. ಅದಕ್ಕೆ 8 ಇಂಚಿನ ಫೋಮ್ ಹಾಸಿಗೆ ಹೇರಿದರೆ ವಯಸ್ಸಾದವರು ಏಣಿ ಕೇಳುತ್ತಾರೆ. ಕಾಲು ಕೊಯ್ಯುವ ಮೊದಲು ಹಾಸಿಗೆ ಬದಲಿಸಿ. 4 ಇಂಚಿನ ಹತ್ತಿ ಗಾದಿಯನ್ನು ಮಂಚದ ಅಳತೆಗೇ ಹೊಲಿಸಬಹುದು. ಹತ್ತಿ ಗಿರಣಿಗಳಿಂದ ಹೆಸರಾದ ಊರಲ್ಲಿ ಅದಕ್ಕೇನು ಬರ!

ಕಾಲು ಕೊಯ್ಯುವ ಚಟ ಕಪಾಟಿಗೂ ತಗಲುತ್ತದೆ. ಉಬ್ಬುತಗ್ಗಿನ ಕಲ್ಲುನೆಲದಲ್ಲಿ ಗಟ್ಟಿಯಾಗಿ ನಿಂತಿದ್ದು ಟೈಲ್ಸ್ ಮೇಲೆ ತೊನೆಯುತ್ತದೆ. ಒಂದು ಕಾಲು ಕೊಯ್ದರೆ ಇನ್ನೊಂದು ಉದ್ದವಾಗುತ್ತದೆ. ಮೋಟು ಕಾಲಿಗೆ ರಬ್ಬರ್ ತುಂಡು ಕೊಟ್ಟು ಸುಮ್ಮನಾಗಿ.

ಇನ್ನು ಪಾಲಿಶ್. ಹಿಂಬದಿಯ ಮೂಲೆಗೆ ಸ್ಪಿರಿಟ್ ಅದ್ದಿದ ಬಟ್ಟೆ ಒತ್ತಿ ನೋಡಿ. ಅಂಟಂಟಾಗಿ ಬಣ್ಣ ಬಟ್ಟೆಗೆ ಹತ್ತಿದರೆ ಅದು ಅರಗಿನ ಪಾಲಿಶ್, ಪೂರ್ತಿ ಕೆರೆಯುವುದು ಬೇಡ. ಜಿಡ್ಡು ಒರೆಸಿ, 320 ನಂಬರಿನ ಉಪ್ಪುಕಾಗದವನ್ನು ಮರದ ಎಳೆಗುಂಟ ಹಗುರಾಗಿ ಆಡಿಸಿ, ಅರಗನ್ನೇ ತೆಳ್ಳಗೆ ಎರಡು ಮೂರು ಕೈ ಕೊಡಿಸಿ. ಹಳೆಯದನ್ನು ಕರಗಿಸಿಕೊಂಡು ಹೊಸದು ಒಂದಾಗುತ್ತದೆ. ಜಿಡ್ಡಿನ ಮೇಲೆ ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಜಾತಿಯ ಪಾಲಿಶ್) ಹೊಡೆಸಿದರೆ ಹಪ್ಪಳದಂತೆ ಏಳುತ್ತದೆ. ಬೇಸಿಗೆಯಲ್ಲೇ ಈ ಕೆಲಸ ಮುಗಿಸಿ. ಮಳೆಗಾಲದಲ್ಲಿ ಸ್ಪಿರಿಟ್ ಆರುವಾಗ ಗಾಳಿಯ ತೇವ ಸೇರಿಕೊಂಡು ಮೈ ಬಿಳಿಚುತ್ತದೆ.

ಇದೆಲ್ಲಕ್ಕಿಂತ ಮುಂಚೆ ಮಂಚದ ಅಡಿ ಒಮ್ಮೆ ಬಗ್ಗಿ ನೋಡಿ. ನುಣ್ಣನೆಯ ಪುಡಿ ಹೊಸದಾಗಿ ಉದುರುತ್ತಿದ್ದರೆ ಹುಳ ಬದುಕಿದೆ, ಪ್ಲೈವುಡ್ ವಾರ್ಡ್‌ರೋಬಿಗೂ ದಾಟೀತು. ತೂತುಗಳಿಗೆ ಸಿರಿಂಜಿನಲ್ಲಿ ಔಷಧಿ ಬಿಟ್ಟು, ಮೇಣ ಮೆತ್ತಿ, ಕೆಳಗೆ ಕರಿಕಾಗದ ಹಾಸಿ ತಿಂಗಳೊಪ್ಪತ್ತು ವರಾಂಡದಲ್ಲೇ ಇಡಿ. ಕಾಗದದ ಮೇಲೆ ಪುಡಿ ಬಿದ್ದರೆ ಸಿರಿಂಜು ಮತ್ತೆ ಕೈಗೆ ತೊಗೊಳ್ಳಿ.