ಸೋತವರೂ ಸಂಜೆವರೆಗೆ ಆಡಲಿ

ನಮ್ಮ ಕಡೆ ಕಾಲೇಜು ಕ್ವಿಜ್ ಅಂದರೆ ಬೆಳಗ್ಗೆ ಸೆಮಿನಾರ್ ಹಾಲ್ ತುಂಬಿ ತುಳುಕುತ್ತಿರುತ್ತದೆ. ಮೊದಲು ಇಪ್ಪತ್ತೈದೋ ಮೂವತ್ತೋ ಪ್ರಶ್ನೆಗಳ ಲಿಖಿತ ಪ್ರಿಲಿಮ್ಸ್. ಆಮೇಲೆ ಆರೋ ಎಂಟೋ ತಂಡಗಳ ಹೆಸರು ಕೂಗುತ್ತಾರೆ. ಉಳಿದವರ ಕ್ವಿಜ್ ಅಲ್ಲಿಗೆ ಮುಗಿಯಿತು. ಕೆಲವರು ಹಾಲ್‌ನಲ್ಲೇ ಕೂತು, ಪ್ರೇಕ್ಷಕರಿಗೆ ಬರುವ ಪ್ರಶ್ನೆಗೆ ಕೈ ಎತ್ತಿ ಚಾಕೊಲೇಟ್ ಗಿಟ್ಟಿಸುತ್ತಾರೆ. ಜಾಸ್ತಿ ಜನ ಕ್ಯಾಂಟೀನ್ ಕಡೆ ನಡೆಯುತ್ತಾರೆ. ಬೆಳಗಿನ ಜಾವದ ಬಸ್ ಹಿಡಿದು ಬೇರೆ ಊರಿಂದ ಬಂದ ಮೊದಲ ವರ್ಷದ ಹುಡುಗರಿಗೂ ಇದೇ ಗತಿ. ಅವರು ಒಂದು ಸಲವೂ ಬಾಯಿಬಿಟ್ಟು ಉತ್ತರ ಹೇಳಿರುವುದಿಲ್ಲ.

ನಾನೀಗ ಅಮೆರಿಕದಲ್ಲಿದ್ದೇನೆ. ಇಲ್ಲಿ ಕಾಲೇಜುಗಳ ನಡುವೆ ಕ್ವಿಜ್ ಬೌಲ್ ಅಂತ ಒಂದು ಆಟ ನಡೆಯುತ್ತದೆ. ಬಿಡುವಿದ್ದ ಶನಿವಾರ ಪ್ರಶ್ನೆ ಓದಿಕೊಡಲು ಹೋಗುತ್ತೇನೆ. ಈ ಆಟದಲ್ಲಿ ನನಗೆ ಹಿಡಿಸದ ಸಂಗತಿಗಳೂ ಇವೆ, ಹೇಳುತ್ತೇನೆ. ಆದರೆ ಒಂದು ವಿಷಯಕ್ಕೆ ಶಹಬ್ಬಾಸ್ ಅನ್ನಲೇಬೇಕು. ಬಂದ ತಂಡಗಳಲ್ಲಿ ಒಂದನ್ನೂ ಮಧ್ಯಾಹ್ನಕ್ಕೇ ಮನೆಗೆ ಕಳಿಸುವುದಿಲ್ಲ.

ಲೆಕ್ಕ ಹೀಗೆ. 24 ತಂಡ ಬಂದವು ಅಂದುಕೊಳ್ಳಿ. ಆರಾರು ತಂಡಗಳ ನಾಲ್ಕು ಗುಂಪು. ಗುಂಪಿನೊಳಗೆ ಪ್ರತಿ ತಂಡವೂ ಉಳಿದ ಐದರ ಜತೆ ಆಡಬೇಕು, ಬೆಳಗಿನ ಐದು ಸುತ್ತು ಅಲ್ಲಿಗಾಯಿತು. ಊಟವಾದ ಮೇಲೆ ಗೆಲುವು, ಅಂಕ ನೋಡಿ ಗುಂಪುಗಳನ್ನು ಕಲಸಿ ಹೊಸದಾಗಿ ಕಟ್ಟುತ್ತಾರೆ. ಮೇಲಿನವರು ಮೇಲಿನವರ ಜತೆ, ಕೆಳಗಿನವರು ಕೆಳಗಿನವರ ಜತೆ. ಕೊನೆಯ ಸ್ಥಾನದ ತಂಡಕ್ಕೂ ಸಂಜೆಯೊಳಗೆ ಎಂಟು ಹತ್ತು ಆಟ ಸಿಗುತ್ತದೆ. ಅದೂ ತಮಗೆ ಸರಿಸಮ ಇರುವವರ ಜತೆ. ಹೊಸಬರು ಕಲಿಯುವುದು ಇಂಥ ಕಡೆಯೇ ಅಲ್ವಾ?

ಆಟವೂ ಬೇರೆ ಥರ. ತಂಡಕ್ಕೆ ನಾಲ್ಕು ಜನ, ಒಬ್ಬೊಬ್ಬರ ಕೈಗೂ ಒಂದು ಬಝರ್. ಮೊದಲ ಪ್ರಶ್ನೆಗೆ ಟಾಸಪ್ ಅನ್ನುತ್ತಾರೆ. ಓದುತ್ತಿರುವಾಗಲೇ ಬಝರ್ ಒತ್ತಬಹುದು. ಸರಿಯಾದರೆ 10 ಅಂಕ. ನಡುವೆ ಬಾಯಿ ಹಾಕಿ ತಪ್ಪು ಹೇಳಿದರೆ 5 ಅಂಕ ಕಳೆಯುತ್ತಾರೆ, ಅದಕ್ಕೆ 'ನೆಗ್' ಅಂತ ಹೆಸರು. ಟಾಸಪ್ ಗೆದ್ದ ತಂಡಕ್ಕೆ ಹತ್ತು ಹತ್ತು ಅಂಕದ ಮೂರು ಬೋನಸ್ ಪ್ರಶ್ನೆ. ಅವಕ್ಕೆ ತಂಡದವರು ತಲೆಗೆ ತಲೆ ಕೊಟ್ಟು ಪಿಸುಗುಟ್ಟಿಕೊಂಡು ಉತ್ತರ ಹೇಳಬಹುದು.

ಟಾಸಪ್ ಕಟ್ಟುವ ರೀತಿ ಮಜವಾಗಿದೆ. ಕಷ್ಟದ ಸುಳಿವು ಮೊದಲು, ಸುಲಭದ್ದು ಕೊನೆಗೆ. ನಮ್ಮದೇ ಒಂದು ಉದಾಹರಣೆ ಕೊಡುತ್ತೇನೆ. "1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಒಂದರೊಳಗೊಂದು ಏಳು ಕೋಟೆ ಇವೆ ಎಂದು ಬರೆದ. ಪೋರ್ಚುಗೀಸ್ ಪ್ರವಾಸಿ ಪೇಸ್‌ಗೆ ಇದು ರೋಮ್‌ನಷ್ಟು ದೊಡ್ಡದಾಗಿ ಕಂಡಿತು. 1565ರ ಯುದ್ಧದ ನಂತರ ಹಾಳಾದ, ಹಂಪಿಯಲ್ಲಿ ಅವಶೇಷ ಉಳಿದಿರುವ ಈ ರಾಜಧಾನಿ ಯಾವುದು?" ಕೊನೆಯ ಸಾಲಿಗೆ ಎಲ್ಲರೂ ಹೇಳುತ್ತಾರೆ. ಇತಿಹಾಸ ನಿಜವಾಗಿ ಓದಿದವಳು ಮೊದಲ ಸಾಲಿಗೇ ಬಝರ್ ಒತ್ತಿಬಿಡುತ್ತಾಳೆ. ಯಾರಿಗೆ ಎಷ್ಟು ಆಳ ಗೊತ್ತು ಅನ್ನುವುದು ಒಂದೇ ಪ್ರಶ್ನೆಯಲ್ಲಿ ಬಯಲಾಗುತ್ತದೆ.

ಈಗ ನನ್ನ ತಕರಾರು. ಇಲ್ಲಿ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಕೂತು ತಲೆ ಕೆರೆದುಕೊಂಡು ಉತ್ತರ ಹುಡುಕುವ ಸುಖ ಕಡಿಮೆ. ನಮ್ಮ ಕ್ವಿಜ್ ಮಾಸ್ಟರುಗಳ ಕೈಚಳಕ ಇರುವುದೇ ಅಲ್ಲಿ. "1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾಗುವ ಒಂದು ವಸ್ತು ದೇಶದ ಕೋಟ್ಯಂತರ ಜನರ ಎಡಗೈಗೆ ಅಂಟುತ್ತದೆ, ಅಂಗಡಿಯಲ್ಲಿ ಮಾತ್ರ ಸಿಗುವುದಿಲ್ಲ. ಏನದು?" ಕಾರ್ಖಾನೆ ಹೆಸರೇ ಕೇಳದವನೂ ಒಂದು ನಿಮಿಷ ಯೋಚಿಸಿದರೆ ಮತದಾನದ ಶಾಯಿ ಅನ್ನುತ್ತಾನೆ. ಹಾಲ್ ತುಂಬ 'ಓಹ್' ಅಂತ ಸದ್ದು ಏಳುತ್ತದೆ. ಆ ಸದ್ದು ಇಲ್ಲಿ ಕೇಳಿಸುವುದಿಲ್ಲ. ಪ್ರೇಕ್ಷಕರೇ ಇರುವುದಿಲ್ಲವಲ್ಲ! ಕ್ಲಾಸ್‌ರೂಮಿನಲ್ಲಿ ಎಂಟು ಜನ ಆಟಗಾರರು, ಒಬ್ಬ ಓದುವವ, ಒಬ್ಬ ಅಂಕ ಬರೆಯುವವ. ಅಷ್ಟೇ. ಬೆಂಗಳೂರಿನಲ್ಲಿ 1983ರಿಂದ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಬೆಳೆಸಿಕೊಂಡು ಬಂದ ರುಚಿಯೇ ಬೇರೆ. ಅದನ್ನು ಬಿಟ್ಟುಕೊಡಿ ಅಂತ ನಾನು ಹೇಳುವುದಿಲ್ಲ.

ಇಲ್ಲಿ ಓದುವವನು ಹೀರೋ ಅಲ್ಲ. ಪ್ರಶ್ನೆ ಅವನದಲ್ಲ, ಜೋಕ್ ಹೊಡೆಯುವ ಹಾಗೂ ಇಲ್ಲ. ಗಟ್ಟಿಯಾಗಿ, ವೇಗವಾಗಿ, ತಪ್ಪಿಲ್ಲದೆ ಓದಿದರೆ ಸಾಕು. 24 ತಂಡಕ್ಕೆ 12 ಕೋಣೆ, 12 ಓದುವವರು, ಅಷ್ಟೇ ಜನ ಅಂಕ ಬರೆಯುವವರು. ಇಷ್ಟು ಜನರನ್ನು ಕೂಡಿಸುವುದೇ ನಡೆಸುವವರ ದೊಡ್ಡ ತಲೆನೋವು. ಅದಕ್ಕೇ ಓದುವವರನ್ನೋ ಬಝರ್ ಸೆಟ್ಟನ್ನೋ ಜತೆಗೆ ತಂದ ತಂಡಕ್ಕೆ ಶುಲ್ಕದಲ್ಲಿ ರಿಯಾಯಿತಿ ಕೊಡುವ ರೂಢಿ ಇದೆ. ಪ್ರಶ್ನೆಗಳನ್ನು ಒಂದೆಡೆ ಬರೆಸಿ, ಹಲವು ಊರುಗಳಲ್ಲಿ ಅದೇ ಗಂಟನ್ನು ಆಡಿಸುತ್ತಾರೆ. ಎಲ್ಲ ಕಡೆ ಮುಗಿಯುವವರೆಗೆ ಯಾರೂ ಬಾಯಿಬಿಡುವ ಹಾಗಿಲ್ಲ. ಈ ವಿಷಯದಲ್ಲಿ ಭಾರಿ ಕಟ್ಟುನಿಟ್ಟು. ಪ್ರಶ್ನೆಗಳ ಮಾಹಿತಿ ಮೊದಲೇ ನೋಡುವ ಅವಕಾಶ ಒಬ್ಬ ಆಟಗಾರನಿಗೆ ಇತ್ತು ಎಂದು ಗೊತ್ತಾದಾಗ, 2013ರಲ್ಲಿ ಹಾರ್ವರ್ಡ್‌ನಿಂದ ನಾಲ್ಕು ಪ್ರಶಸ್ತಿಗಳನ್ನು ಕಿತ್ತುಕೊಂಡರು.

ನಮ್ಮ ಡಿಗ್ರಿ ಕಾಲೇಜುಗಳಿಗೆ ಇದು ಒಗ್ಗುತ್ತದೆ ಅಂತ ನನ್ನ ನಂಬಿಕೆ. ಕ್ವಿಜ್ ಬೌಲ್‌ಗೆ ಪ್ರೊಜೆಕ್ಟರ್ ಬೇಡ, ಆಡಿಟೋರಿಯಂ ಬೇಡ, ದುಡ್ಡು ಕೊಟ್ಟು ಕರೆಸುವ ಕ್ವಿಜ್ ಮಾಸ್ಟರ್ ಬೇಡ. ಶನಿವಾರ ಖಾಲಿ ಬಿದ್ದ ಕ್ಲಾಸ್‌ರೂಮು, ಓದಲು ಬರುವ ಸೀನಿಯರ್‌ಗಳು ಇದ್ದರೆ ಆಯಿತು. ಕನ್ನಡದಲ್ಲೇ ನಡೆಸಿದರೆ ಇನ್ನೂ ಒಳ್ಳೆಯದು. ಚಂದನ ವಾಹಿನಿಯಲ್ಲಿ 'ಥಟ್ ಅಂತ ಹೇಳಿ' 2002ರಿಂದ ಬರುತ್ತಿದೆ. ಕನ್ನಡದಲ್ಲಿ ಕ್ವಿಜ್ ಆಗುತ್ತಾ ಅಂತ ಇನ್ನೂ ಕೇಳುವವರಿಗೆ ಅದನ್ನು ತೋರಿಸಿ. ಶಿವಮೊಗ್ಗ, ಧಾರವಾಡ, ಮೈಸೂರು, ಮೂರೂ ಕಡೆ ಒಂದೇ ದಿನ ಒಂದೇ ಪ್ರಶ್ನೆ ಗಂಟು ಆಡಿಸಿದರೆ ಬರೆಯುವ ಹೊರೆಯೂ ಹಂಚಿಹೋಗುತ್ತದೆ. ಫೈನಲ್ ಬೇಕಿದ್ದರೆ ನಮ್ಮ ಪದ್ಧತಿಯಲ್ಲೇ ಇರಲಿ. ಜನರನ್ನು ಸೇರಿಸಿ, ಸ್ಟೇಜ್ ಮೇಲೆ ನಡೆಸಿ, ಚಾಕೊಲೇಟೂ ಹಂಚಿ.

ಬಝರ್ ಎಲ್ಲಿಂದ ತರೋದು ಅಂತೀರಾ? ಊರಿನ ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ಹುಡುಗರ ಕಿವಿಗೆ ಹಾಕಿ, ಎಂಟು ಸ್ವಿಚ್ಚು ಎಂಟು ಬಲ್ಬಿನ ಕೆಲಸ.