ಆ ಮಗುವಿನ ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ

ನಿನ್ನೆ ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಶಾಲೆಗೆ ಹೋಗಿದ್ದೆ. ನಾಲ್ಕನೇ ಕ್ಲಾಸಿನ ಮಕ್ಕಳೆಲ್ಲ ಕೆಳಗೆ ಅಂಗಳದಲ್ಲಿ ಕೂಗಾಡುತ್ತಾ ಆಡುತ್ತಿದ್ದರು. ಮೇಲಿನ ಖಾಲಿ ತರಗತಿಯಲ್ಲಿ ಒಬ್ಬನೇ ಹುಡುಗ ಕಾಪಿ ಬರೆಯುತ್ತ ಕೂತಿದ್ದ. ಪೆನ್ಸಿಲ್ ಹಿಡಿದ ಬೆರಳುಗಳು ಬಿಳುಚಿಕೊಂಡಿದ್ದವು, ಭುಜ ಕಿವಿಯ ಹತ್ತಿರ ಬಂದಿತ್ತು. "ಇವನಿಗೆ ಎಲ್‌ಡಿ ಇದೆ ಮೇಡಂ, ಓದಿನಲ್ಲಿ ಹಿಂದೆ. ಅದಕ್ಕೇ ಪಿ.ಟಿ. ಪೀರಿಯಡ್‌ನಲ್ಲಿ ರೆಮಿಡಿಯಲ್ ಮಾಡಿಸ್ತೀವಿ" ಅಂದರು ಟೀಚರು. ಎಲ್‌ಡಿ ಅಂದರೆ ಲರ್ನಿಂಗ್ ಡಿಸೆಬಿಲಿಟಿ, ಕಲಿಕೆಯ ತೊಂದರೆ. ರೆಮಿಡಿಯಲ್ ಅಂದರೆ ಅಂಥ ಮಕ್ಕಳಿಗೆ ಬೇರೆಯಾಗಿ ಹೇಳಿಕೊಡುವ ಪಾಠ. ಆಗ ಹತ್ತಿದ ಸಿಟ್ಟು ಈಗಲೂ ಇಳಿದಿಲ್ಲ.

ಇಡೀ ಕ್ಲಾಸಿನಲ್ಲಿ ಆ ಪೀರಿಯಡ್ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವನಿಂದಲೇ ಕಿತ್ತುಕೊಂಡಿದ್ದಾರೆ!

ನನ್ನ ಕೆಲಸವೇ ಕಲಿಕೆಯ ತೊಂದರೆ ಇರುವ ಇಂಥ ಮಕ್ಕಳ ಜೊತೆ, ನನ್ನ ದಿನ ಕಳೆಯುವುದೇ ಅವರೊಂದಿಗೆ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಕೂಡಿಸಿ ಓದುವುದೇ ಕಷ್ಟವಾಗುವ ತೊಂದರೆ ಇರುವ ಮಗುವಿಗೆ ಒಂದು ಪುಟ ಓದುವುದೆಂದರೆ ಉಳಿದವರಿಗಿಂತ ಎಷ್ಟೋ ಪಟ್ಟು ದುಡಿಮೆ. ತಪ್ಪಿದರೆ ಯಾರು ನಗುತ್ತಾರೋ ಎಂಬ ಹೆದರಿಕೆ ಬೇರೆ. ಆ ಹೆದರಿಕೆ ಮೈಯಲ್ಲೇ ಕೂತಿರುತ್ತದೆ. ಹಲ್ಲು ಕಚ್ಚಿಕೊಂಡಿರುತ್ತದೆ, ಉಸಿರು ಕಟ್ಟಿಕೊಂಡಿರುತ್ತದೆ. ಬರವಣಿಗೆಯ ತೊಂದರೆ ಇರುವ ಮಕ್ಕಳಿಗಂತೂ ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ನೋಯುತ್ತದೆ. ಆ ಮೈಯನ್ನು ಸಡಿಲ ಮಾಡದೆ ಮೇಲೆ ಇನ್ನೊಂದು ಪಾಠ ಹೇರಿದರೆ ಅದು ಎಲ್ಲಿ ಇಳಿಯಬೇಕು?

ಸಡಿಲ ಮಾಡುವುದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಎಡ್ಮಂಡ್ ಜೇಕಬ್‌ಸನ್ ಎಂಬ ಅಮೆರಿಕದ ವೈದ್ಯ ಸುಮಾರು ನೂರು ವರ್ಷಗಳ ಹಿಂದೆಯೇ ದಾರಿ ತೋರಿಸಿದ್ದಾನೆ: ಒಂದೊಂದೇ ಸ್ನಾಯುವನ್ನು ಬಿಗಿ ಹಿಡಿ, ಆಮೇಲೆ ಬಿಡು. ಬಿಗಿ ಯಾವುದು, ಸಡಿಲ ಯಾವುದು ಎಂದು ಮೈಗೇ ತಿಳಿಯಲಿ. ಮಕ್ಕಳಿಗೆ ನಾವು ಹೇಳುವುದು, "ಕೈಯಲ್ಲಿ ನಿಂಬೆಹಣ್ಣು ಇದೆ, ಪೂರ್ತಿ ಹಿಂಡು, ಈಗ ಕೆಳಗೆ ಬಿಟ್ಟುಬಿಡು." ಆಮೇಲೆ ಭುಜ, ಮುಖ, ಹೊಟ್ಟೆ. ಕೊನೆಗೆ ನಿಧಾನವಾಗಿ ಉಸಿರು ಬಿಡುತ್ತಾ ಭ್ರಾಮರಿ ಪ್ರಾಣಾಯಾಮದ, ದುಂಬಿಯಂಥ ಗುಂಯ್‌ಗುಡುವಿಕೆ. ಕಣ್ಣು ಮುಚ್ಚಲು ಹೆದರುವ ಮಕ್ಕಳಿರುತ್ತಾರೆ, ಅವರಿಗೆ ಒತ್ತಾಯ ಮಾಡಬಾರದು, ನೆಲ ನೋಡುತ್ತಿದ್ದರೂ ಸಾಕು. ಆದರೆ ಓಡಿ ಕುಣಿಯಬೇಕೆಂದು ಚಡಪಡಿಸುವ ಮಗುವನ್ನು ನೇರವಾಗಿ "ಶಾಂತವಾಗಿ ಮಲಗು" ಎಂದರೆ ಆಗುವುದಿಲ್ಲ. ಮೊದಲು ಕಪ್ಪೆ ಜಿಗಿತ, ಏಡಿ ನಡಿಗೆ, ಕುಂಟೆಬಿಲ್ಲೆ, ಎರಡೂ ಅಂಗೈಯಿಂದ ಗೋಡೆ ತಳ್ಳುವುದು. ಆಮೇಲೆ ವಿಶ್ರಾಂತಿ. ಒಂದೇ ರೂಮಿನ ಮನೆಯಲ್ಲೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಈ ಮಳೆಯಲ್ಲೂ, ತಳ್ಳಲು ಒಂದು ಗೋಡೆಯಂತೂ ಇದ್ದೇ ಇರುತ್ತದೆ.

"ಕುಣಿದರೆ ಡಿಸ್ಲೆಕ್ಸಿಯಾ ಹೋಗುತ್ತದೆಯೇ?" ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಹೋಗುತ್ತದೆಂದು ನಾನು ಎಂದೂ ಹೇಳಿಲ್ಲ. ಅಡ್ಡಡ್ಡ ಕೈಕಾಲು ಆಡಿಸಿದರೆ ಮಿದುಳಿನ ಎರಡು ಭಾಗ ಜೋಡಿಯಾಗಿ ಓದು ಬಂದುಬಿಡುತ್ತದೆ ಎಂದು ದುಬಾರಿ ಪ್ಯಾಕೇಜ್ ಮಾರುವವರನ್ನು ಕಂಡರೆ ನನಗೂ ಮೈ ಉರಿಯುತ್ತದೆ. ಆ ಮಾತಿಗೆ ಗಟ್ಟಿ ಆಧಾರವಿಲ್ಲ. ಓದು ಬರುವುದು ಅಕ್ಷರ ಮತ್ತು ಧ್ವನಿಯನ್ನು ಹಂತಹಂತವಾಗಿ, ತಾಳ್ಮೆಯಿಂದ ಕಲಿಸಿದಾಗ ಮಾತ್ರ. ಆದರೆ ಕಲಿಯುವ ಹೊತ್ತಿಗೆ ಮಗು ಕಲಿಯುವ ಸ್ಥಿತಿಯಲ್ಲಿ ಇರಬೇಕಲ್ಲ! ರೆಮಿಡಿಯಲ್ ಬೇಡ ಎನ್ನುತ್ತಿಲ್ಲ. ಅದಕ್ಕೆ ಆಟದ ಹೊತ್ತನ್ನೇ ಯಾಕೆ ತಿನ್ನುತ್ತೀರಿ ಎಂದು ಕೇಳುತ್ತಿದ್ದೇನೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಾದ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಲಿಕೆಯ ತೊಂದರೆ ಇರುವವರನ್ನು ಬಿಟ್ಟು ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ನನ್ನ ತಮ್ಮನೂ ಇಂಥವನೇ ಆಗಿದ್ದ. ಮುಂಬೈಯ ಮಾಟುಂಗಾದಲ್ಲಿ ಚಾಳಿನ (ಸಾಲು ಕೋಣೆಗಳ ವಠಾರದ) ಮನೆಯಲ್ಲಿದ್ದ ಕಾಲ ಅದು, ಡಿಸ್ಲೆಕ್ಸಿಯಾ ಎಂಬ ಹೆಸರೇ ಯಾರಿಗೂ ಗೊತ್ತಿರಲಿಲ್ಲ, ದಡ್ಡ ಅಂದರು. ಸಂಜೆ ಖೋಖೋ ಆಡಿ ಬೆವತು ಬಂದ ದಿನ ಮಾತ್ರ ನನ್ನ ಪಕ್ಕ ಕೂತು ತಡವರಿಸುತ್ತಾ ನಾಲ್ಕು ಸಾಲು ಓದುತ್ತಿದ್ದ. ಫೇಲಾದಾಗ ಅಪ್ಪ ಆಟ ನಿಲ್ಲಿಸಿದರು. ಆ ನಾಲ್ಕು ಸಾಲೂ ಅಲ್ಲಿಗೇ ನಿಂತವು. ಈ ವಿಷಯ ಬಂದಾಗ ನನ್ನ ದನಿ ಏರುತ್ತದೆ ಎನ್ನುವವರು ಇದನ್ನೂ ತಿಳಿದಿರಲಿ.

ಈಗ ಕಾಲ ಹಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುವ 21 ಬಗೆಯ ಅಂಗವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ತೊಂದರೆಯೂ ಸೇರಿದೆ. ಆ ತೊಂದರೆಯ ಪ್ರಮಾಣಪತ್ರಕ್ಕೆಂದು ಮುಂಬೈಯ ಸಯನ್ ಆಸ್ಪತ್ರೆಗೆ ಹೋಗುತ್ತೇವೆ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ, ಬರೆದುಕೊಡುವವರು ಸಿಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲೆಗೆ ಆಟದ ಮೈದಾನ ಇರಲೇಬೇಕು ಎನ್ನುತ್ತದೆ. ಪರೀಕ್ಷೆಯ ರಿಯಾಯಿತಿಗಾಗಿ ಅಷ್ಟು ಓಡಾಡುವ ನಾವು, ಮಗುವಿನ ಆಟದ ಪೀರಿಯಡ್ ಹೋದಾಗ ಬಾಯಿ ಬಿಡುವುದಿಲ್ಲ. ಟೀಚರು ಪಾಪ ಎಕ್ಸ್‌ಟ್ರಾ ಕ್ಲಾಸ್ ತಗೊಳ್ತಿದ್ದಾರೆ ಎಂದು ಕೈಮುಗಿದು ಬರುತ್ತೇವೆ.

ಮುಂದಿನ ಪಾಲಕರ ಸಭೆಯಲ್ಲಿ ಟೈಮ್‌ಟೇಬಲ್ ಕೇಳಿ ನೋಡಿ. ಪಿ.ಟಿ. ಜಾಗದಲ್ಲಿ ರೆಮಿಡಿಯಲ್ ಇದ್ದರೆ ಬೇರೆ ಹೊತ್ತಿಗೆ ಬದಲಿಸಿ ಎಂದು ಬರವಣಿಗೆಯಲ್ಲೇ ಕೊಡಿ. ಹೇಗೆ ಬರೆಯುವುದೆಂದು ತಿಳಿಯದಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ಮರಾಠಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಪತ್ರ ನಾನೇ ಬರೆದುಕೊಡುತ್ತೇನೆ.