ನಾಮಪದ ಬಿಟ್ಟು ಬಾಯಿಪಾಠ ಮಾಡಿದರೆ ಪ್ರಯೋಜನವಿಲ್ಲ
ಇಂಗ್ಲಿಷ್ ಕಲಿಯಲು ದಿನಕ್ಕೆ ಹತ್ತು ಫ್ರೇಸಲ್ ವರ್ಬ್‌ಗಳನ್ನು (ಕ್ರಿಯಾಪದಕ್ಕೆ ‘ಆಫ್’, ‘ಡೌನ್’ನಂಥ ಪುಟ್ಟ ಪದ ಸೇರಿ ಬೇರೆ ಅರ್ಥ ಕೊಡುವ ಜೋಡಿಪದ) ಅರ್ಥಸಮೇತ ಉರು ಹೊಡೆಯಿರಿ ಎಂಬ ಲೇಖನದ ಸಲಹೆ ಒಪ್ಪಲಾರೆ. ‘ಟೇಕ್ ಆಫ್’ ಎದುರು ನಾಲ್ಕು ಅರ್ಥ ಬರೆದುಕೊಂಡರೆ ಮಾತಾಡುವಾಗ ನಾಲ್ಕೂ ಕಲಸುಮೇಲೋಗರ. ಅರ್ಥ ತೀರ್ಮಾನಿಸುವುದು ಜೊತೆಗಿರುವ ನಾಮಪದ. ವಿಮಾನವಾದರೆ ಮೇಲೇರಿತು (ಅಲ್ಲಿ ಕರ್ಮಪದವೇ ಇರುವುದಿಲ್ಲ), ಶೂ ಆದರೆ ಬಿಚ್ಚಿದ್ದು, ‘ಟೇಕ್ ಟೂ ಡೇಸ್ ಆಫ್’ ಎಂದರೆ ರಜೆ. ಹಾಗಾಗಿ ‘ಟರ್ನ್ ಡೌನ್ ದ ವಾಲ್ಯೂಮ್’ (ಸದ್ದು ತಗ್ಗಿಸು), ‘ಟರ್ನ್ ಡೌನ್ ಆನ್ ಆಫರ್’ (ಬಂದ ಅವಕಾಶ ನಿರಾಕರಿಸು) ಅಂತ ಜೋಡಿಯಾಗಿಯೇ ಬರೆದಿಡಿ.

ನಮ್ಮವರು ಹೆಚ್ಚು ಎಡವುವ ಸರ್ವನಾಮದ ಜಾಗದ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ! ‘ಟರ್ನ್ ಇಟ್ ಡೌನ್’ ಸರಿ, ‘ಟರ್ನ್ ಡೌನ್ ಇಟ್’ ತಪ್ಪು. ಆದರೆ ‘ಲುಕ್ ಆಫ್ಟರ್’ (ನೋಡಿಕೊಳ್ಳು) ಒಡೆಯುವುದಿಲ್ಲ, ಅಂದರೆ ನಡುವೆ ಪದ ಸೇರಿಸುವಂತಿಲ್ಲ; ‘ಲುಕ್ ಆಫ್ಟರ್ ಹರ್’ ಎಂದೇ ಹೇಳಬೇಕು. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ನಡುವೆ ‘ಸಮ್‌ಥಿಂಗ್’ ಹಾಕಿದ್ದರೆ ಒಡೆಯಬಹುದು ಎಂದರ್ಥ.